ಪಕಾಸಿ ಒಂಬತ್ತು ಅಡಿಯೋ, ಹನ್ನೆರಡೋ? ಹಂಚಿನ ಚಾವಣಿಗೆ ಕಟ್ಟಿಗೆಯ ಲೆಕ್ಕ

ಪ್ರಶ್ನೆ: ಗಂಗಾವತಿ ತಾಲ್ಲೂಕಿನ ನಮ್ಮ ತೋಟದಲ್ಲಿ ಹೊರ ಅಳತೆಗೆ 16 ಅಡಿ ಅಗಲ, 24 ಅಡಿ ಉದ್ದದ ಕಲ್ಲುಗೋಡೆಯ ಮನೆ ಕಟ್ಟಿಸುತ್ತಿದ್ದೇವೆ. ಒಳಗೆ ಎರಡು ಕೋಣೆಗಳು. ನಡುಗೋಡೆಯನ್ನೂ ಎರಡು ತುದಿಯ ಗೋಡೆಗಳನ್ನೂ ನೆತ್ತಿಯವರೆಗೆ ಏರಿಸುತ್ತೇವೆ. ಮೇಲೆ ಎರಡು ಕಡೆ ಇಳಿಜಾರಿನ ಕಟ್ಟಿಗೆಯ ಚಾವಣಿ ಮಾಡಿಸಿ ಮಂಗಳೂರು ಹಂಚು ಹೊದಿಸಬೇಕೆಂದಿದ್ದೇವೆ. ಬಡಿಗೇರರು ನೆತ್ತಿಯಿಂದ ಸೂರಿಗೆ ಓರೆಯಾಗಿ ಇಳಿಯುವ ಪಕಾಸಿಗೆ 9 ಅಡಿ ಉದ್ದ ಸಾಕು, ಒಟ್ಟು 25 ಸಿಎಫ್‌ಟಿ (ಘನ ಅಡಿ) ಕಟ್ಟಿಗೆ ಹಿಡಿಯುತ್ತದೆ ಎಂದರು. ಕಟ್ಟಿಗೆ ಅಡ್ಡೆಯವರು 12 ಅಡಿಯ ಪಕಾಸಿ, ಒಟ್ಟು 50 ಸಿಎಫ್‌ಟಿ ಎಂದು ಚೀಟಿ ಬರೆದುಕೊಟ್ಟರು. ಇಬ್ಬರಲ್ಲಿ ಯಾರ ಲೆಕ್ಕ ಸರಿ? ಬದುವಿನ ಮೇಲೆ ನಮ್ಮವೇ ಎರಡು ಬೇವಿನ ಮರಗಳಿವೆ. ಅವನ್ನು ಕೊಯ್ಯಿಸಿದರೆ ಖರ್ಚು ಇಳಿಯುತ್ತದೆಯೇ?

ಉತ್ತರ: ಇಬ್ಬರೂ ಲೆಕ್ಕ ತಪ್ಪಿಲ್ಲ, ಆದರೆ ಇಬ್ಬರೂ ಅಳೆದದ್ದು ಬೇರೆ ಬೇರೆ ವಸ್ತುಗಳನ್ನು. ಬಡಿಗೇರರು ಗೋಡೆಯಿಂದ ಗೋಡೆಗೆ ಅಳೆದಿದ್ದಾರೆ. ಅಡ್ಡೆಯವರು ಸೂರಿನಿಂದ ಸೂರಿಗೆ ಅಳೆದು, ಮೇಲೆ ಒಂದಿಷ್ಟು ಸೇರಿಸಿದ್ದಾರೆ. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ಹಳೆಯ ಮನೆಗಳು ಹೆಚ್ಚಾಗಿ ಮಣ್ಣು ಹಾಸಿದ ಮಾಳಿಗೆಯವು. ಮಾಳಿಗೆಗೆ ತೊಲೆ, ಜಂತಿ ಲೆಕ್ಕ ಹಾಕುವಾಗ ಕೋಣೆಯ ಒಳ ಅಗಲಕ್ಕೆ ಗೋಡೆಯ ಮೇಲೆ ಕೂರುವಷ್ಟು ಸೇರಿಸಿದರೆ ಉದ್ದ ಸಿಕ್ಕಿಬಿಡುತ್ತದೆ. ಆ ರೂಢಿಯ ಕೈ ಇಳಿಜಾರಿನ ಚಾವಣಿಗೂ ಅದೇ ಲೆಕ್ಕವನ್ನು ಹಿಡಿಯುವುದು ಸಹಜ. ಆದರೆ ಹಂಚಿನ ಚಾವಣಿಯ ಅಳತೆ ಗೋಡೆಯ ಬಳಿ ಮುಗಿಯುವುದಿಲ್ಲ. ನೀರು ಎಲ್ಲಿಂದ ತೊಟ್ಟಿಕ್ಕುತ್ತದೆಯೋ ಅಲ್ಲಿಯವರೆಗೆ ಹೋಗುತ್ತದೆ. ಆದ್ದರಿಂದ ಸಿಎಫ್‌ಟಿ ಮಾತಿಗೆ ಮೊದಲು ಯಾವ ಬಿಂದುವಿನಿಂದ ಯಾವ ಬಿಂದುವಿಗೆ ಅಳೆಯುತ್ತಿದ್ದೇವೆ ಎಂಬುದನ್ನು ನೀವು, ಬಡಿಗೇರರು ಮತ್ತು ಅಡ್ಡೆಯವರು ಒಟ್ಟಿಗೆ ನಿಶ್ಚಯಿಸಿಕೊಳ್ಳಬೇಕು.

ಮೊದಲು ಇಳಿಜಾರು. ನಮ್ಮ ಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸಿನಲ್ಲಿರುವುದರಿಂದ ಕರಾವಳಿಯಷ್ಟು ವಾಟ, ಅಂದರೆ ಇಳಿಜಾರು, ಬೇಕಿಲ್ಲ, ಚಪ್ಪಟೆ ಮಾಡಿದರೂ ನಡೆಯುತ್ತದೆ ಎಂಬ ಮಾತು ಕೇಳಿಬರುತ್ತದೆ. ಇದನ್ನು ನಾನು ಒಪ್ಪುವುದಿಲ್ಲ. ಮಳೆ ಕಡಿಮೆಯಾದರೂ ಏಪ್ರಿಲ್, ಮೇ ತಿಂಗಳುಗಳಲ್ಲಿ ಅದು ಬಿರುಗಾಳಿಯೊಂದಿಗೆ ಅಡ್ಡಡ್ಡವಾಗಿ ಬಡಿಯುತ್ತದೆ. ವಾಟ ಕಡಿಮೆಯಿದ್ದರೆ ಗಾಳಿಯೇ ನೀರನ್ನು ಹಂಚಿನ ಕಚ್ಚಿನೊಳಗೆ ಮೇಲ್ಮುಖವಾಗಿ ತಳ್ಳುತ್ತದೆ. ಅಡಿಗೆ 6 ಇಂಚು ಏರುವ ವಾಟ, ಅಂದರೆ ಅಡ್ಡಲಾಗಿ 12 ಇಂಚು ಹೋದಾಗ 6 ಇಂಚು ಮೇಲೇರುವ ಸುಮಾರು 26 ಅರೆ ಡಿಗ್ರಿಯ ಇಳಿಜಾರು, ಮಂಗಳೂರು ಹಂಚಿಗೆ ಒಪ್ಪುವ ಅಳತೆ. ಕೆಳಗಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ.

ಮನೆಯ ಅಗಲ 16 ಅಡಿ, ಅರ್ಧ 8 ಅಡಿ. 6 ಇಂಚಿನ ವಾಟಕ್ಕೆ ನೆತ್ತಿ 4 ಅಡಿ ಏರುತ್ತದೆ. ಎಂಟರ ವರ್ಗ 64, ನಾಲ್ಕರ ವರ್ಗ 16, ಕೂಡಿದರೆ 80. ಅದರ ವರ್ಗಮೂಲ 8.94. ಗೋಡೆಯ ಹೊರಮೈಯಿಂದ ನೆತ್ತಿಯ ನಡುಗೆರೆಗೆ ಇಳಿಜಾರಿನ ಮೇಲೆ 8 ಅಡಿ 11 ಇಂಚು ಚಿಲ್ಲರೆ ಎಂದಾಯಿತು. ಬಡಿಗೇರರ 9 ಅಡಿ ಬಂದದ್ದು ಇಲ್ಲಿಂದ. ಅದು ಗೋಡೆಯ ಅಂಚಿಗೇ ನಿಂತುಬಿಡುವ ಪಕಾಸಿಯ ಉದ್ದ. ಹಾಗೆ ಕಟ್ಟಿದರೆ ಸೂರಿನ ನೀರೆಲ್ಲ ಗೋಡೆಯ ಮೈಮೇಲೆಯೇ ಇಳಿಯುತ್ತದೆ. ಕಲ್ಲಿನ ಸಂದುಗಳಿಗೆ ಮಣ್ಣಿನ ಗಾರೆ ಹಾಕಿದ್ದರೆ ಕೆಲವೇ ಮಳೆಗಾಲಗಳಲ್ಲಿ ಸಂದು ತೊಳೆದುಹೋಗುತ್ತದೆ. ಮಳೆಗಷ್ಟೇ ಅಲ್ಲ, ನಮ್ಮ ಬೇಸಿಗೆಯ ಬಿಸಿಲನ್ನು ಗೋಡೆಯಿಂದ ದೂರವಿಡುವುದಕ್ಕೂ ಸೂರು ಬೇಕು. 2 ಅಡಿ ಚಾಚು ಇಡಿ.

ಚಾಚನ್ನು ನೆಲಕ್ಕೆ ಸಮಾಂತರವಾಗಿ 2 ಅಡಿ ಎಂದು ಹಿಡಿದರೆ ಪಕಾಸಿ ಅಡ್ಡಲಾಗಿ ಕ್ರಮಿಸುವ ದೂರ 8ಕ್ಕೆ 2 ಸೇರಿ 10 ಅಡಿ. ಇಳಿಜಾರಿನ ಉದ್ದ ತಿಳಿಯಲು ಪ್ರತಿ ಸಲ ವರ್ಗಮೂಲ ತೆಗೆಯಬೇಕಿಲ್ಲ. ವಾಟಕ್ಕೊಂದು ಗುಣಕ ಇರುತ್ತದೆ, ಅಡ್ಡ ದೂರವನ್ನು ಅದರಿಂದ ಗುಣಿಸಿದರೆ ಆಯಿತು. ಅಡಿಗೆ 4 ಇಂಚಿನ ವಾಟಕ್ಕೆ 1.054, 5 ಇಂಚಿಗೆ 1.083, 6 ಇಂಚಿಗೆ 1.118, 7 ಇಂಚಿಗೆ 1.158, 8 ಇಂಚಿಗೆ 1.202. ನಿಮ್ಮ 10 ಅಡಿಗೆ 6 ಇಂಚಿನ ವಾಟದಲ್ಲಿ 11.18 ಅಡಿ, ಅಂದರೆ 11 ಅಡಿ 2 ಇಂಚು.

ಕ್ಯಾಲ್ಕುಲೇಟರ್ ನಂಬದ ಬಡಿಗೇರರಿಗೆ ಇದನ್ನೇ ಎಲ್ ಆಕಾರದ ಮೂಲೆಮಟ್ಟದಲ್ಲಿ ತೋರಿಸಬಹುದು. ಮೂಲೆಮಟ್ಟದ ಒಂದು ತೋಳಿನಲ್ಲಿ 12 ಇಂಚಿನ ಗುರುತನ್ನೂ ಇನ್ನೊಂದರಲ್ಲಿ 6 ಇಂಚಿನ ಗುರುತನ್ನೂ ಹಿಡಿದು, ಆ ಎರಡು ಗುರುತುಗಳ ನಡುವಿನ ಓರೆ ದೂರವನ್ನು ಟೇಪಿನಿಂದ ಅಳೆದರೆ 13 ಇಂಚಿನ ಮೇಲೆ ಅರ್ಧ ಇಂಚಿಗೆ ಕೂದಲೆಳೆ ಕಡಿಮೆ ಬರುತ್ತದೆ, ನಿಖರವಾಗಿ 13.42. ಅಡ್ಡಲಾಗಿ ಒಂದು ಅಡಿ ಹೋದರೆ ಪಕಾಸಿಯ ಮೇಲೆ ಇಷ್ಟು ದೂರ. ಮೂಲೆಮಟ್ಟವನ್ನು ಪಕಾಸಿಯ ಅಂಚಿಗೆ ಹಾಗೆಯೇ ಹಿಡಿದು ಹತ್ತು ಸಲ ಜರುಗಿಸಿ ಗುರುತು ಹಾಕಿದರೆ 134 ಇಂಚು, ಅದೇ 11 ಅಡಿ 2 ಇಂಚು. ನೆತ್ತಿಯ ಓರೆ ಕೊಯ್ತದ ಕೋನವೂ, ಗೋಡೆಯ ಮೇಲೆ ಕೂರುವ ಕಚ್ಚಿನ ಕೋನವೂ ಮೂಲೆಮಟ್ಟದ ಅದೇ ಹಿಡಿತದಲ್ಲೇ ಸಿಗುತ್ತವೆ ಎಂಬುದು ಈ ವಿಧಾನದ ದೊಡ್ಡ ಲಾಭ.

ಈಗ ಈ ಉದ್ದವನ್ನು ತಿದ್ದಬೇಕು. ಪಕಾಸಿಗಳು 4 ಇಂಚು ದಪ್ಪದ ನೆತ್ತಿ ತೊಲೆಯ ಪಕ್ಕಕ್ಕೆ ಬಂದು ಒತ್ತಿ ನಿಲ್ಲುವುದಾದರೆ ಪ್ರತಿಯೊಂದೂ ತೊಲೆಯ ಅರ್ಧ ದಪ್ಪದಷ್ಟು, ಅಂದರೆ ಅಡ್ಡಲಾಗಿ 2 ಇಂಚು, ಇಳಿಜಾರಿನ ಮೇಲೆ ಎರಡೂಕಾಲು ಇಂಚು ಗಿಡ್ಡವಾಗುತ್ತದೆ. ಅದಕ್ಕೆ ಪ್ರತಿಯಾಗಿ ಕೊಯ್ತ ಓರೆಯಾಗಿರುವುದರಿಂದ 4 ಇಂಚು ಎತ್ತರದ ಪಕಾಸಿಗೆ 2 ಇಂಚು ಉದ್ದ ಹೆಚ್ಚು ಬೇಕು. ಪಕಾಸಿಯ ಎತ್ತರವನ್ನು ವಾಟದಿಂದ ಗುಣಿಸಿದರೆ ಈ ಹೆಚ್ಚುವರಿ ತಿಳಿಯುತ್ತದೆ, ಇಲ್ಲಿ ನಾಲ್ಕರ ಅರ್ಧ. ಕಳೆದು ಕೂಡಿದರೆ ಮತ್ತೆ ಹೆಚ್ಚುಕಡಿಮೆ 11 ಅಡಿ 2 ಇಂಚಿಗೇ ಬಂದು ನಿಲ್ಲುತ್ತೇವೆ. ಪಕಾಸಿಗಳನ್ನು ತೊಲೆಯ ಮೇಲೆಯೇ ಕೂರಿಸಿ ಎದುರುಬದುರಿನವನ್ನು ಅರ್ಧಕ್ಕರ್ಧ ಕೊರೆದು ಜೋಡಿಸುವ ಪದ್ಧತಿ ನಿಮ್ಮ ಬಡಿಗೇರರದಾದರೆ ಕಳೆಯುವ ಮಾತಿಲ್ಲ, 2ರಿಂದ 3 ಇಂಚು ಹೆಚ್ಚೇ ಬೇಕು. ಕೊಯ್ದ ಕಟ್ಟಿಗೆಯ ತುದಿಗಳು ಸೀಳಿರುವುದು ಸಾಮಾನ್ಯ. ಅದನ್ನು ಕತ್ತರಿಸಿ ತೆಗೆಯಲು ಎರಡೂ ತುದಿಗೆ ಒಂದೆರಡು ಇಂಚು ಹಿಡಿದರೆ 11 ಅರೆ ಅಡಿ. ಆ ಅಳತೆ ಅಡ್ಡೆಯಲ್ಲಿ ಸಿದ್ಧವಾಗಿ ಸಿಗುವುದು ಕಷ್ಟ, 12 ಅಡಿಯದು ಸಿಗುತ್ತದೆ. ಆದ್ದರಿಂದ ಪಕಾಸಿಯ ಉದ್ದದ ಮಟ್ಟಿಗೆ ಅಡ್ಡೆಯವರ ಚೀಟಿಯೇ ಸರಿ.

ಇಲ್ಲಿ ಒಂದು ಉಪಾಯ ಹೇಳುತ್ತೇನೆ. ಅಡ್ಡೆಯಲ್ಲಿ 11 ಅಡಿಯ ಕಟ್ಟಿಗೆ ಒಳ್ಳೆಯ ದರಕ್ಕೆ ಸಿಕ್ಕರೆ ಸೂರಿನ ಚಾಚನ್ನು ಒಂದೂವರೆ ಅಡಿಗೆ ಇಳಿಸಿ. ಪಕಾಸಿ 10 ಅಡಿ 8 ಇಂಚಿಗೆ ಇಳಿದು 11 ಅಡಿಯಲ್ಲಿ ಕೂರುತ್ತದೆ. ವಾಟವನ್ನು ಮಾತ್ರ 8 ಇಂಚಿಗೆ ಏರಿಸುವ ಆಸೆ ಬೇಡ. ಆಗ ಉದ್ದ 12 ಅಡಿಯನ್ನು ಸ್ವಲ್ಪವೇ ದಾಟುತ್ತದೆ, ಆ ಸ್ವಲ್ಪಕ್ಕಾಗಿ ನೀವು 13 ಅಥವಾ 14 ಅಡಿಯ ಕಟ್ಟಿಗೆಗೆ ಹಣ ಕೊಡಬೇಕಾಗುತ್ತದೆ, ಉದ್ದ ಹೆಚ್ಚಿದಂತೆ ಸಿಎಫ್‌ಟಿಯ ದರವೂ ಏರುತ್ತದೆ. ಈಗ ಬಹಳ ಜನ ಕಟ್ಟಿಗೆಯ ಬದಲು ಕಬ್ಬಿಣದ ಚೌಕ ಪೈಪು ಬೆಸೆಸುತ್ತಾರೆ. ಉದ್ದದ ಲೆಕ್ಕ ಅದಕ್ಕೂ ಇದೇ. ಆದರೆ ಪೈಪು ಬರುವುದು 6 ಮೀಟರಿನ ಉದ್ದದಲ್ಲಿ, ಅದರಲ್ಲಿ 11 ಅಡಿ 2 ಇಂಚಿನ ಒಂದು ಪಕಾಸಿ ತೆಗೆದರೆ ಎಂಟೂವರೆ ಅಡಿಯ ತುಂಡು ಉಳಿದು ಇನ್ನೊಂದು ಪಕಾಸಿಗೆ ಸಾಲದಾಗುತ್ತದೆ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು.

ಅಳತೆ ಹಿಡಿಯುವಲ್ಲಿ ಇನ್ನೊಂದು ತೊಡಕಿದೆ. "ನೆತ್ತಿ 4 ಅಡಿ" ಎಂದು ಗೌಂಡಿಗೆ ಹೇಳಿದಿರಿ ಎನ್ನಿ. ಯಾವುದರಿಂದ 4 ಅಡಿ? ಗೋಡೆಯ ಮೇಲೆ ಉದ್ದಕ್ಕೆ ಮಲಗಿಸಿ, ಪಕಾಸಿಗಳನ್ನು ಹೊರುವ ಪಟ್ಟಿಯ ಮೇಲ್ಮೈಯಿಂದ ಎಂದು ಸಾಮಾನ್ಯವಾಗಿ ತಿಳಿಯುತ್ತಾರೆ. ಆ ಪಟ್ಟಿಯನ್ನು 15 ಇಂಚಿನ ಕಲ್ಲುಗೋಡೆಯ ನಡುವಿಗೆ ಇಟ್ಟರೆ ಪಟ್ಟಿಯ ಹೊರ ಅಂಚು ಗೋಡೆಯ ಹೊರಮೈಯಿಂದ ಐದಾರು ಇಂಚು ಒಳಗಿರುತ್ತದೆ, ಅಡ್ಡ ದೂರ 8 ಅಡಿಯ ಬದಲು ಏಳೂವರೆ ಅಡಿಯಷ್ಟಾಗುತ್ತದೆ, ಅದೇ 4 ಅಡಿ ಏರಿಕೆಗೆ ವಾಟ ಕಡಿದಾಗುತ್ತದೆ, ಪಕಾಸಿ ಒಂದೂವರೆ, ಎರಡು ಇಂಚು ಬೆಳೆಯುತ್ತದೆ. ಹೀಗಾಗಿ ಗೌಂಡಿಗೂ ಬಡಿಗೇರರಿಗೂ ನೆತ್ತಿಯ ಎತ್ತರ ಹೇಳದೆ, ಅಡಿಗೆ 6 ಇಂಚಿನ ವಾಟ ಎಂದೇ ಹೇಳಿ. ಎತ್ತರ ತಾನಾಗಿ ಬರಲಿ. ಎರಡು ತುದಿಯಲ್ಲಿ ನೆತ್ತಿಯವರೆಗೆ ಹೋಗುವ ತ್ರಿಕೋನ ಗೋಡೆಗಳು ಏಳುವ ಮೊದಲು ಮನೆಯ ಎರಡು ಕರ್ಣಗಳನ್ನೂ ಅಳೆಯಿರಿ. ಮೂಲೆಗಳು ಸರಿಯಿದ್ದರೆ ಎರಡೂ 28 ಅಡಿ 10 ಇಂಚು ಬರಬೇಕು. ಎರಡರ ನಡುವೆ 2 ಇಂಚಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಮನೆಯ ಅಗಲವನ್ನು ಎರಡು ತುದಿಯಲ್ಲೂ ನಡುವಿನಲ್ಲೂ ಅಳೆದು, ಹೆಚ್ಚಿನ ಅಗಲಕ್ಕೆ ಪಕಾಸಿ ಕೊಯ್ಯಿಸಬೇಕು. ಕಲ್ಲುಗೋಡೆಯಲ್ಲಿ ಇದು ಅಪರೂಪವೇನಲ್ಲ.

ಎಷ್ಟು ಪಕಾಸಿ ಬೇಕು ಎಂಬುದಕ್ಕೆ ಬರೋಣ. ತ್ರಿಕೋನ ಗೋಡೆಗಳಾಚೆ ಎರಡು ತುದಿಗೂ ಒಂದೂವರೆ ಅಡಿ ಚಾಚು ಬಿಟ್ಟರೆ ಚಾವಣಿಯ ಉದ್ದ 27 ಅಡಿ. ಪಕಾಸಿಗಳ ಮೇಲೆ ಅಡ್ಡಲಾಗಿ ಹೊಡೆಯುವ ಒಂದು ಇಂಚು ದಪ್ಪದ ರೀಪಿನ ಮೇಲೆ ಹಂಚು ಹೊದಿಸುವಾಗ ಪಕಾಸಿಗಳ ನಡುವೆ 2 ಅಡಿಗಿಂತ ಹೆಚ್ಚು ಅಂತರ ಬಿಡಬಾರದು. ಬಿಟ್ಟರೆ ಹಂಚಿನ ಮೇಲೆ ಕೆಲಸಕ್ಕೆ ಏರಿದವರ ತೂಕಕ್ಕೆ ರೀಪು ಬಾಗಿ ಹಂಚಿನ ಸಾಲು ಅಲೆಯಾಗುತ್ತದೆ. 27 ಅಡಿಯನ್ನು 2ರಿಂದ ಭಾಗಿಸಿದರೆ 13 ಅರೆ, ಅದನ್ನು 14 ಅಂತರಗಳೆಂದು ಹಿಡಿಯಬೇಕು. ಅಂತರ 14 ಆದರೆ ಪಕಾಸಿ 15. ಈ ಒಂದನ್ನು ಮರೆಯುವವರು ಬಹಳ. ಎರಡು ಇಳಿಜಾರಿಗೆ 30 ಪಕಾಸಿ, ನಡುಗೆರೆಯಿಂದ ನಡುಗೆರೆಗೆ 23 ಇಂಚು.

ಪಕಾಸಿಯ ಅಡ್ಡಳತೆ 2 ಇಂಚು ದಪ್ಪ, 4 ಇಂಚು ಎತ್ತರ ಸಾಕು, ಆದರೆ ಕಟ್ಟಿಗೆ ಸಾಲ್, ಮತ್ತಿ, ಹೊನ್ನೆ, ಸಾಗವಾನಿಯಂಥದ್ದಾಗಿರಬೇಕು. ಹಗುರ ಜಾತಿಯ ಕಟ್ಟಿಗೆ, ಹಸಿ ನೀಲಗಿರಿ ಇವುಗಳಿಗೆ 5 ಇಂಚು ಎತ್ತರ ಹಿಡಿಯಿರಿ. ಗೋಡೆಯ ಪಟ್ಟಿಯ ಮೇಲೆ ಕೂರಿಸಲು ಪಕಾಸಿಯ ಅಡಿಯಲ್ಲಿ ಕೊರೆಯುವ ಕಚ್ಚು ಅದರ ಎತ್ತರದ ಮೂರನೇ ಒಂದು ಭಾಗವನ್ನು ಮೀರಬಾರದು. 4 ಇಂಚಿಗೆ ಒಂದೂಕಾಲು ಇಂಚು. ಚಾಚಿನ ಭಾರವೆಲ್ಲ ಈ ಕಚ್ಚಿನ ಮೇಲೆಯೇ ತೂಗುವುದರಿಂದ, ಸಲೀಸಾಗಿ ಕೂರಲಿ ಎಂದು ಅರ್ಧದಷ್ಟು ಕೊರೆದ ಪಕಾಸಿ ಅಲ್ಲಿಯೇ ಸೀಳುತ್ತದೆ.

ನೆತ್ತಿ ತೊಲೆಯ ವಿಷಯದಲ್ಲಿ ಉಳಿತಾಯ ನೋಡಬೇಡಿ. ಒಂದು ಇಂಚಿನ ಹಲಗೆಯನ್ನು ನೆತ್ತಿಯಲ್ಲಿಟ್ಟು ಎರಡು ಕಡೆಯಿಂದ ಪಕಾಸಿ ಒತ್ತಿ ಮೊಳೆ ಹೊಡೆದ ಚಾವಣಿಗಳನ್ನು ನಾನು ನೋಡಿದ್ದೇನೆ. ಅಲ್ಲಿ ಭಾರವನ್ನು ಹಲಗೆ ಹೊರುವುದಿಲ್ಲ. ಪಕಾಸಿಗಳು ಒಂದನ್ನೊಂದು ಒತ್ತಿಕೊಂಡು ತಮ್ಮ ಕಾಲನ್ನು ಹೊರಕ್ಕೆ ಚಾಚುತ್ತವೆ, ಉದ್ದನೆಯ ಗೋಡೆಗಳ ತಲೆ ಹೊರಕ್ಕೆ ವಾಲುತ್ತದೆ, ಮೊದಲು ನೆತ್ತಿ ಕುಸಿದಂತೆ ಕಂಡು ಆಮೇಲೆ ಗೋಡೆಯ ಒಳಮೂಲೆಯಲ್ಲಿ ಬಿರುಕು ಕಾಣಿಸಿಕೊಳ್ಳುತ್ತದೆ. ಮಣ್ಣಿನ ಗಾರೆಯ ಕಲ್ಲುಗೋಡೆಗೆ ಈ ಒತ್ತಡವನ್ನು ತಡೆಯುವ ಶಕ್ತಿಯಿಲ್ಲ. ನಿಮಗೆ ನಡುಗೋಡೆ ನೆತ್ತಿಯವರೆಗೆ ಇರುವುದು ಅದೃಷ್ಟ. ತೊಲೆಗೆ ಗೋಡೆಯಿಂದ ಗೋಡೆಗೆ ಸುಮಾರು 10 ಅಡಿ ಅಂತರವಷ್ಟೇ, ಅದಕ್ಕೆ 4 ಇಂಚು ದಪ್ಪ, 8 ಇಂಚು ಎತ್ತರದ ತೊಲೆ ಗಟ್ಟಿಯಾಗಿ ನಿಲ್ಲುತ್ತದೆ. ಜೋಡಣೆ ನಡುಗೋಡೆಯ ಮೇಲೆಯೇ ಬರಬೇಕು, ಬೇರೆಲ್ಲೂ ಅಲ್ಲ. ನಡುಗೋಡೆ ಇಲ್ಲದ 24 ಅಡಿಯ ಹಜಾರವಾಗಿದ್ದರೆ ತೊಲೆಯ ಮಾತು ಬಿಟ್ಟು ಟ್ರಸ್, ಅಂದರೆ ತಾನೇ ಭಾರ ಹೊರುವ ತ್ರಿಕೋನ ಚೌಕಟ್ಟು, ಮಾಡಿಸಬೇಕಾಗಿತ್ತು. ಅದಕ್ಕೆ ಎಂಜಿನಿಯರರ ನಕ್ಷೆ ಬೇಕು.

ರೀಪಿನ ಲೆಕ್ಕ ಹಂಚಿನಿಂದ ಶುರುವಾಗಬೇಕು, ಟೇಪಿನಿಂದಲ್ಲ. ಕಾರ್ಖಾನೆಯಿಂದ ಕಾರ್ಖಾನೆಗೆ ಹಂಚಿನ ಅಳತೆ ತುಸು ಬದಲಾಗುತ್ತದೆ, ಹಳೆಯ ಮನೆ ಕಿತ್ತಾಗ ಬಂದ ಹಂಚು ಕೊಂಡಿದ್ದರೆ ಇನ್ನೂ ಹೆಚ್ಚು. ಆದ್ದರಿಂದ ನೀವು ಕೊಳ್ಳುವ ಹಂಚುಗಳಲ್ಲೇ ಹನ್ನೊಂದನ್ನು ಸಮತಟ್ಟಾದ ನೆಲದ ಮೇಲೆ ಒಂದರ ಕಚ್ಚಿಗೊಂದು ಕೂರುವಂತೆ ಉದ್ದಕ್ಕೆ ಜೋಡಿಸಿ. ಮೊದಲು ಕಚ್ಚು ಬಿಡದಷ್ಟು ಎಳೆದು, ಮೊದಲ ಹಂಚಿನ ಕೆಳ ಅಂಚಿನಿಂದ ಹನ್ನೊಂದನೆಯದರ ಕೆಳ ಅಂಚಿಗೆ ಅಳೆಯಿರಿ. ಆಮೇಲೆ ಎಲ್ಲವನ್ನೂ ಒತ್ತಾಗಿ ತಳ್ಳಿ ಅದೇ ಅಳತೆ ತೆಗೆಯಿರಿ. ಎರಡರ ಸರಾಸರಿಯನ್ನು ಹತ್ತರಿಂದ ಭಾಗಿಸಿದರೆ ನಿಮ್ಮ ಹಂಚಿಗೆ ರೀಪಿನಿಂದ ರೀಪಿಗೆ ಇರಬೇಕಾದ ಅಂತರ ಸಿಗುತ್ತದೆ. ಮಂಗಳೂರು ಹಂಚಿಗೆ ಅದು 12 ಅರೆ ಇಂಚಿನ ಹತ್ತಿರ ಬರುತ್ತದೆ. ಈ ಅಂತರ ಅರ್ಧ ಇಂಚು ತಪ್ಪಿದರೂ ಒಂದೋ ಹಂಚಿನ ಮೂಗು ರೀಪಿಗೆ ಸಿಗುವುದಿಲ್ಲ, ಇಲ್ಲವೇ ಒಂದರ ಮೇಲೊಂದು ಎದ್ದು ನಿಂತು ಸಂದು ಬಾಯಿ ಬಿಡುತ್ತದೆ.

ನಿಮ್ಮ ಇಳಿಜಾರಿನ ಉದ್ದ 134 ಇಂಚು. ಕೊನೆಯ ಹಂಚು ಸೂರಿನ ಅಂಚನ್ನು ದಾಟಿ 2 ಇಂಚು ಚಾಚಬೇಕು, ಒಟ್ಟು 136. ಅದನ್ನು 12 ಅರೆಯಿಂದ ಭಾಗಿಸಿದರೆ 11 ಸಾಲಿಗೆ ತುಸುವೇ ಕಡಿಮೆ. ಎಳೆದು ತಳ್ಳುವ ಸಡಿಲದಲ್ಲಿ ಅದು ಹೊಂದುತ್ತದೆ. ಹತ್ತೂವರೆ ಸಾಲು ಬಂದಿದ್ದರೆ ಹಂಚು ಕತ್ತರಿಸುವ ಬದಲು ಸೂರಿನ ಚಾಚನ್ನು ಹೆಚ್ಚು ಕಡಿಮೆ ಮಾಡಿ ಪೂರ್ಣ ಸಾಲಿಗೆ ತರಬೇಕು. ಪಕಾಸಿಯನ್ನು ಅಂತಿಮವಾಗಿ ಕತ್ತರಿಸುವುದು ಈ ಪರೀಕ್ಷೆ ಮುಗಿದ ಮೇಲೆಯೇ. 11 ಸಾಲಿಗೆ 11 ರೀಪು, ಸೂರಿನ ಮೊದಲ ಸಾಲು ಮೇಲಿನವುಗಳಷ್ಟೇ ಓರೆಯಾಗಿ ಕೂರಲು ಅಲ್ಲಿ ಒಂದರ ಮೇಲೊಂದು ಎರಡು, ಒಟ್ಟು 12. ಎರಡು ಕಡೆಗೆ 24 ಸಾಲು ರೀಪು. ಹಂಚಿನ ಸಂಖ್ಯೆಯೂ ಇದರಲ್ಲೇ ಸಿಗುತ್ತದೆ: ಹಂಚಿನ ಕಾಣುವ ಅಗಲ 8 ಅರೆ ಇಂಚು ಎಂದಾದರೆ 27 ಅಡಿಗೆ 39, ಹನ್ನೊಂದು ಸಾಲಿಗೆ 429, ಎರಡು ಕಡೆಗೆ 858. ಒಡೆಯುವುದಕ್ಕೆ ಸೇರಿಸಿ 900 ತರಿಸಿ. ಹಂಚಿಗೆ ಎರಡೂವರೆ ಕಿಲೋ ಹಿಡಿದರೂ ಚಾವಣಿಯ ಮೇಲೆ ಎರಡು ಟನ್ನಿಗೂ ಹೆಚ್ಚು ಭಾರ ಕೂರುತ್ತದೆ, ನೆನೆದಾಗ ಇನ್ನಷ್ಟು.

ರೀಪಿನ ಜೋಡಣೆ ಪಕಾಸಿಯ ಮೇಲೆಯೇ ಬರಬೇಕಾದ್ದರಿಂದ ಅದನ್ನು ಬರೀ ರನ್ನಿಂಗ್ ಅಡಿಯಲ್ಲಿ ಕೊಳ್ಳಬಾರದು. ಆರು ಅಂತರಕ್ಕೆ 138 ಇಂಚು, ಅಂದರೆ 11 ಅರೆ ಅಡಿ. 12 ಅಡಿಯ ರೀಪು ಆರು ಅಂತರಗಳನ್ನು ದಾಟುತ್ತದೆ. ಒಂದು ಸಾಲಿಗೆ 12 ಅಡಿಯ ಎರಡು ರೀಪು, ಉಳಿದ ಎರಡು ಅಂತರಕ್ಕೆ 4 ಅಡಿಯ ತುಂಡು. 12 ಅಡಿಯ ಒಂದು ರೀಪಿನಲ್ಲಿ ಅಂಥ ಮೂರು ತುಂಡು ಸಿಗುತ್ತವೆ. 24 ಸಾಲಿಗೆ 48 ಮತ್ತು 8, ಒಟ್ಟು 56 ರೀಪು; ಗಂಟಿರುವುದನ್ನು ಬದಿಗಿಡಲು ನಾಲ್ಕು ಸೇರಿಸಿ 60. ತುಂಡನ್ನು ಒಂದು ಸಾಲಿನಲ್ಲಿ ಎಡತುದಿಗೆ, ಮುಂದಿನದರಲ್ಲಿ ಬಲತುದಿಗೆ ಹಾಕಿಸಿ. ಜೋಡಣೆಗಳೆಲ್ಲ ಒಂದೇ ಪಕಾಸಿಯ ಮೇಲೆ ಬೀಳಬಾರದು.

ಇನ್ನು ಸಿಎಫ್‌ಟಿ. ದಪ್ಪವನ್ನೂ ಅಗಲವನ್ನೂ ಇಂಚಿನಲ್ಲಿ, ಉದ್ದವನ್ನು ಅಡಿಯಲ್ಲಿ ಹಿಡಿದು ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ. 12 ಅಡಿಯ 30 ಪಕಾಸಿಗೆ 360 ಅಡಿ, ಅದನ್ನು 2 ಮತ್ತು 4ರಿಂದ ಗುಣಿಸಿ 144ರಿಂದ ಭಾಗಿಸಿದರೆ ಸರಿಯಾಗಿ 20. ಸೀಳು, ತಿರುಚು ಬಂದದ್ದಕ್ಕೆ ಎರಡು ಹೆಚ್ಚು ಹಿಡಿದರೆ 21.3. 2 ಇಂಚು ಅಗಲ, 1 ಇಂಚು ದಪ್ಪದ 60 ರೀಪಿಗೆ 10. ನೆತ್ತಿ ತೊಲೆ 27 ಅಡಿಗೆ ಜೋಡಣೆಯ ಒಂದು ಅಡಿ ಸೇರಿ 28 ಅಡಿ, 6.2. ಗೋಡೆಯ ಮೇಲಿನ ಪಟ್ಟಿ 4 ಇಂಚು ಅಗಲ, 3 ಇಂಚು ದಪ್ಪ. ಚಾಚಿನವರೆಗೂ ಒಯ್ದು ಜೋಡಣೆ ಸೇರಿಸಿದರೆ 56 ಅಡಿ, 4.7. ಸೂರಿಗೂ ತ್ರಿಕೋನದ ಅಂಚಿಗೂ ಹೊಡೆಯುವ 6 ಇಂಚು ಅಗಲ, 1 ಇಂಚು ದಪ್ಪದ ಹಲಗೆ ಸುಮಾರು 100 ಅಡಿ, 4.2. ಎಲ್ಲ ಕೂಡಿ 46 ಅರೆ ಸಿಎಫ್‌ಟಿಗೆ ತುಸು ಕಡಿಮೆ.

ಬಡಿಗೇರರ 25 ಹೇಗೆ ಬಂದಿತೆಂದು ಹಿಂದಕ್ಕೆ ಹೋಗಿ ನೋಡಬಹುದು. ಚಾಚುಗಳಿಲ್ಲದ 24 ಅಡಿಗೆ ಒಂದು ಕಡೆಗೆ 13ರಂತೆ 26 ಪಕಾಸಿ, ತಲಾ 9 ಅಡಿ, 13 ಸಿಎಫ್‌ಟಿ. 24 ಅಡಿಯ ನೆತ್ತಿ ತೊಲೆ 5.3, ಕಡೆಗೆ ಹತ್ತರಂತೆ 20 ಸಾಲು ರೀಪು 6.7. ಕೂಡಿದರೆ ಸರಿಯಾಗಿ 25. ಅವರು ಗುಣಾಕಾರದಲ್ಲಿ ಎಲ್ಲಿಯೂ ತಪ್ಪಿಲ್ಲ, ಸೂರು, ತುದಿಯ ಚಾಚು, ಗೋಡೆಯ ಪಟ್ಟಿ, ಅಂಚಿನ ಹಲಗೆ ಇಷ್ಟನ್ನು ಬಿಟ್ಟಿದ್ದಾರೆ. ಅಡ್ಡೆಯವರ 50 ಬಂದದ್ದು, ನನಗೆ ತೋರುವಂತೆ, ಹೆಚ್ಚುವರಿ ಹಿಡಿಯದ 44ರ ಲೆಕ್ಕದ ಮೇಲೆ ಎಂಟನೇ ಒಂದು ಭಾಗವನ್ನು ವೇಸ್ಟ್ ಎಂದು ಸೇರಿಸಿದ್ದರಿಂದ. ಪಕಾಸಿಯನ್ನು ಆಗಲೇ 12 ಅಡಿ ಎಂದು ಹಿಡಿದಾಗ ಅದರ ತುಂಡು ಅಲ್ಲಿಯೇ ಸೇರಿಹೋಗಿದೆ. ಅದರ ಮೇಲೆ ಮತ್ತೆ ವೇಸ್ಟ್ ಹಾಕುವುದು ಒಂದೇ ನಷ್ಟಕ್ಕೆ ಎರಡು ಸಲ ಹಣ ಕೊಟ್ಟಂತೆ. ಈ ಮೂರೂವರೆ ಸಿಎಫ್‌ಟಿಯನ್ನು ಚೌಕಾಸಿ ಮಾಡಿ ಕಳೆಯಬಹುದು.

ಆದರೆ ಅದಕ್ಕಿಂತ ದೊಡ್ಡ ಮೊತ್ತ ಹೋಗುವುದು ದಪ್ಪದಲ್ಲಿ. 2 ಇಂಚು ಎಂದು ಬರೆದ ಪಕಾಸಿ ಗರಗಸದ ದಾರಿಯನ್ನು ಕಳೆದು ಒಂದೂ ಮುಕ್ಕಾಲು ಇಂಚು ಬರುವುದುಂಟು. ಆಗ 20 ಸಿಎಫ್‌ಟಿಗೆ ಹಣ ಕೊಟ್ಟು ನೀವು ತರುವುದು 17 ಅರೆ. ಲಾರಿಗೆ ಏರಿಸುವ ಮೊದಲು ನಾಲ್ಕಾರು ಪಕಾಸಿಗಳ ದಪ್ಪವನ್ನು ನಡುವಿನಲ್ಲೂ ತುದಿಯಲ್ಲೂ ಸ್ಕೇಲು ಹಿಡಿದು ನೋಡಿ. ಕಡಿಮೆಯಿದ್ದರೆ ಇರುವ ದಪ್ಪಕ್ಕೇ ಲೆಕ್ಕ ಹಾಕಿಸಿ. ಚೀಟಿಯನ್ನೂ "46 ಸಿಎಫ್‌ಟಿ" ಎಂದು ಬರೆಸಬೇಡಿ. ಹಾಗೆ ಬರೆಸಿದರೆ 7 ಅಡಿ, 9 ಅಡಿಯ ತುಂಡುಗಳನ್ನು ಕೂಡಿಸಿಯೂ 46 ತುಂಬಿಸಬಹುದು. 12 ಅಡಿಯ 2 ಇಂಚು 4 ಇಂಚಿನದು 32, 12 ಅಡಿಯ ರೀಪು 60, 14 ಅಡಿಯ ತೊಲೆ 2, 14 ಅಡಿಯ ಪಟ್ಟಿ 4, ಅಂಚಿನ ಹಲಗೆ 100 ಅಡಿ ಎಂದು ಸಂಖ್ಯೆಯಲ್ಲಿ ಬರೆಸಿ, ಸಿಎಫ್‌ಟಿಯನ್ನು ಹಣದ ಲೆಕ್ಕಕ್ಕಷ್ಟೇ ಬಳಸಿ. ಕಟ್ಟಿಗೆ ಬಂದ ದಿನವೇ ಮೇಲೇರಿಸದೆ, ನೆರಳಿನಲ್ಲಿ ಸಾಲುಗಳ ನಡುವೆ ರೀಪಿನ ತುಂಡಿಟ್ಟು ಗಾಳಿಯಾಡುವಂತೆ ಒಟ್ಟಿರಿ. ನಮ್ಮ ಬಿಸಿಲಿಗೆ ನೇರವಾಗಿ ಬಿದ್ದ ಹಸಿ ಪಕಾಸಿ ಬಹುಬೇಗ ತಿರುಚಿಕೊಳ್ಳುತ್ತದೆ.

ಗಾಳಿಯ ಬಗ್ಗೆ ಒಂದೆರಡು ಮಾತು. ಹಂಚಿನ ಭಾರಕ್ಕೆ ಚಾವಣಿ ತಾನೇ ಕೂರುತ್ತದೆ ಎಂದು ಪಕಾಸಿಯನ್ನು ಪಟ್ಟಿಗೆ ಬರೀ ಒಂದು ಮೊಳೆಯಿಂದ ಹಿಡಿಸುತ್ತಾರೆ. ಬಯಲಿನ ತೋಟದ ಮನೆಗೆ ಅದು ಸಾಲದು. ಗೋಡೆಯ ಮೇಲಿನ ಕೆಲವು ವರಸೆಗಳನ್ನು ಸಿಮೆಂಟಿನಲ್ಲಿ ಕಟ್ಟಿಸಿ, ನಾಲ್ಕು ಅಡಿಗೊಂದರಂತೆ ಬೋಲ್ಟು ಹೂತು ಪಟ್ಟಿಯನ್ನು ಅದಕ್ಕೆ ಬಿಗಿಯಿರಿ, ಪಕಾಸಿಗಳನ್ನು ಕಬ್ಬಿಣದ ಪಟ್ಟಿಯಿಂದ ಗೋಡೆಪಟ್ಟಿಗೆ ಕಟ್ಟಿಸಿ. ಸೂರಿನ ಎರಡು ಸಾಲು ಹಂಚುಗಳನ್ನೂ ತುದಿಯ ಚಾಚಿನ ಹಂಚುಗಳನ್ನೂ ತಂತಿಯಿಂದ ರೀಪಿಗೆ ಬಿಗಿಸಿ. ಗಾಳಿ ಮೊದಲು ಎತ್ತುವುದು ಅವನ್ನೇ. ಗೆದ್ದಲು ಏರುವುದು ಗೋಡೆಯೊಳಗಿನ ಮಣ್ಣಿನಿಂದ, ಆದ್ದರಿಂದ ತೊಲೆಯ ತುದಿ ಮತ್ತು ಪಟ್ಟಿಯ ಅಡಿಭಾಗಕ್ಕೆ ಗೆದ್ದಲು ನಿರೋಧಕ ಬಳಿಯುವುದನ್ನು ಕೂರಿಸುವ ಮೊದಲೇ ಮುಗಿಸಬೇಕು.

ನಾಲ್ಕೂ ಕಡೆ ಇಳಿಜಾರು ಮಾಡಿಸಿದರೆ ಹೇಗೆ ಎಂಬ ಯೋಚನೆ ಮುಂದೆ ಬಂದರೆ ಇಷ್ಟು ತಿಳಿದಿರಲಿ: 6 ಇಂಚಿನ ವಾಟದಲ್ಲಿ ಮೂಲೆಯಿಂದ ನೆತ್ತಿಗೆ ಓರೆಯಾಗಿ ಹೋಗುವ ಮೂಲೆ ಪಕಾಸಿಯ ಉದ್ದ ಅಡ್ಡ ದೂರದ ಸರಿಯಾಗಿ ಒಂದೂವರೆ ಪಟ್ಟು. ನಿಮ್ಮ 10 ಅಡಿಗೆ 15 ಅಡಿ, ಅಂಥ ನಾಲ್ಕು, ಅಡ್ಡಳತೆಯೂ ಹೆಚ್ಚು ಬೇಕು. ತ್ರಿಕೋನ ಗೋಡೆ ಕಟ್ಟುವ ಖರ್ಚು ಉಳಿದರೂ ಮೂಲೆಗುಂಟ ಹಂಚು ಕತ್ತರಿಸುವ ಕೆಲಸ ಹೆಚ್ಚುತ್ತದೆ. ಹಂಚಿನ ಚಾವಣಿಯ ರೂಢಿ ಕಡಿಮೆಯಿರುವ ನಮ್ಮ ಕಡೆ ಎರಡು ಇಳಿಜಾರೇ ಲೇಸು.

ಬೇವಿನ ಮರಗಳ ಮಾತು. ದುಂಡು ಮರವನ್ನು ಅಡ್ಡೆಯಲ್ಲಿ ಅಳೆಯುವುದು ಸುತ್ತಳತೆಯ ಕಾಲುಭಾಗದಿಂದ: ನಡುವಿನ ಸುತ್ತಳತೆ 48 ಇಂಚು ಇದ್ದರೆ ಕಾಲುಭಾಗ 12, ಹನ್ನೆರಡನ್ನು ಹನ್ನೆರಡರಿಂದ ಗುಣಿಸಿ, 8 ಅಡಿ ಉದ್ದದಿಂದ ಗುಣಿಸಿ, 144ರಿಂದ ಭಾಗಿಸಿದರೆ 8 ಸಿಎಫ್‌ಟಿ. ಮರದ ನಿಜವಾದ ಗಾತ್ರ ಇದಕ್ಕಿಂತ ಹೆಚ್ಚು, ಸುಮಾರು ಹತ್ತು ಸಿಎಫ್‌ಟಿ ಇರುತ್ತದೆ. ತೊಗಟೆ, ದುಂಡಿನ ಅಂಚು, ಗರಗಸದ ದಾರಿ ಹೋಗಿ ಕೊನೆಗೆ ಚೌಕ ಕಟ್ಟಿಗೆಯಾಗಿ ಕೈಗೆ ಬರುವುದು ಅದರ ಅರ್ಧದಷ್ಟು. ನಿಮ್ಮ ಮರಗಳು ಈ ಗಾತ್ರದವಾದರೆ ಎರಡೂ ಮರಗಳಿಂದ ಒಟ್ಟು ಹತ್ತು ಸಿಎಫ್‌ಟಿಯ ಆಸೆ ಇಟ್ಟುಕೊಳ್ಳಬಹುದು. ಬೇವಿಗೆ ಹುಳು ಹಿಡಿಯುವುದು ಕಡಿಮೆ, ಆದರೆ ಅದರ ಬೊಡ್ಡೆ ಗಿಡ್ಡ, ಎಳೆ ಸುತ್ತಿಕೊಂಡಿರುತ್ತದೆ. 12 ಅಡಿಯ ನೇರ ಪಕಾಸಿ ಅದರಲ್ಲಿ ಸಿಗುವುದಿಲ್ಲ. ತುಂಡುತುಂಡಾಗಿ ಜೋಡಿಸಬಹುದಾದ ಗೋಡೆಯ ಪಟ್ಟಿಗೂ ಬಾಗಿಲು ಕಿಟಕಿಯ ಚೌಕಟ್ಟಿಗೂ ಅದು ಒಳ್ಳೆಯದು. ಹಾಗೆ ನೋಡಿದರೆ ಕೊಳ್ಳುವ 46ರಲ್ಲಿ ಉಳಿಯುವುದು ಪಟ್ಟಿಯ ನಾಲ್ಕೂ ಮುಕ್ಕಾಲು ಸಿಎಫ್‌ಟಿ ಮಾತ್ರ, ಕಡಿಯುವ, ಸಾಗಿಸುವ, ಕೊಯ್ಯುವ ಕೂಲಿಯನ್ನು ಅದರಿಂದ ಕಳೆಯಬೇಕು. ಕಡಿದ ಮೇಲೆ ಒಣಗಲು ತಿಂಗಳುಗಳೇ ಬೇಕು, ಗೋಡೆ ಏಳುತ್ತಿರುವಾಗ ಅಷ್ಟು ಕಾಯುವುದು ಆಗದ ಮಾತು. ಸ್ವಂತ ಜಮೀನಿನ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇರುವುದರಿಂದ, ಕೊಡಲಿ ಹಾಕುವ ಮೊದಲು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ, ಅನುಮತಿ ಬೇಕಾದರೆ ಬರಹದಲ್ಲಿ ಪಡೆಯಿರಿ. ಆ ಕಾಗದವಿಲ್ಲದೆ ಸಾಮಿಲ್‌ಗೆ ಮರ ಸಾಗಿಸುವುದೂ ತೊಂದರೆಯೇ. ಈ ಚಾವಣಿಗಂತೂ ಮರಗಳನ್ನು ಮುಟ್ಟದೆ ಕಟ್ಟಿಗೆಯನ್ನು ಪೂರ್ತಿ ಅಡ್ಡೆಯಿಂದಲೇ ತರುವುದು ಸೂಕ್ತವೆಂದು ನನ್ನ ಅಭಿಪ್ರಾಯ.